ಅವ್ಯವಸ್ಥೆಗೆ ಮೈ ಕೊಡುವುದು: ಕಲ್ಪನಾಲೋಕದ ಆಟಕ್ಕೆ ವಿಕೃತ ಜೀವಿಗಳನ್ನು ಕಟ್ಟುವ ಸಮಗ್ರ ಮಾರ್ಗದರ್ಶಿ

ಕಲ್ಪನಾಲೋಕದ ಪಾತ್ರಾಭಿನಯದ ಆಟವೆಂದರೆ, ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ, ಸೂತ್ರಧಾರನು ನಡೆಸುವ ಕಥೆಯೊಳಗೆ ಆಡುವ ಆಟ. ಇದಕ್ಕಾಗಿ ಹೊಸ ಸೀಮೆಯೊಂದನ್ನು, ಅಂದರೆ ಕಥೆ ನಡೆಯುವ ಲೋಕವೊಂದನ್ನು, ಕಟ್ಟಲು ಕುಳಿತವರಲ್ಲಿ ಹೆಚ್ಚಿನವರು ರಾಕ್ಷಸರಿಂದ ಆರಂಭಿಸುತ್ತಾರೆ. ಎಷ್ಟು ತಲೆ, ಎಷ್ಟು ಕೈ, ಒಂದು ಹೊಡೆತಕ್ಕೆ ಎಷ್ಟು ದಾಳ ಎಂಬುದನ್ನೆಲ್ಲ ಬರೆದು ಮುಗಿಸಿದ ಮೇಲೆ ಆ ಜೀವಿ ಎಲ್ಲಿಂದ ಬಂತು, ಏಕೆ ಬಂತು ಎಂದು ಯೋಚಿಸುತ್ತಾರೆ. ಚಿಂತಾಮಣಿಯಲ್ಲಿ ಐವರು ಗೆಳೆಯರನ್ನು ಕೂರಿಸಿಕೊಂಡು ಭಾನುವಾರದ ಆಟ ಶುರುಮಾಡಿದಾಗ ನಾನೂ ಹಾಗೆಯೇ ಮಾಡಿದ್ದೆ. ನನ್ನ ಬಳಿ ನಲವತ್ತು ಜೀವಿಗಳ ಪಟ್ಟಿಯಿತ್ತು. ಆಟಗಾರರು ಒಂದೊಂದನ್ನೇ ಕೊಂದು, ಅದರ ಬಳಿಯಿದ್ದ ನಾಣ್ಯ ಎಣಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ಮೂರನೆಯ ವಾರ, ರೇಷ್ಮೆ ಬಿಚ್ಚಾಣಿಕೆಯ ಕೆಲಸ ಮಾಡುವ ಗೆಳೆಯನೊಬ್ಬ, "ಈ ಪ್ರಾಣಿ ಬರದೇ ಇದ್ದಿದ್ದರೆ ಈ ಊರು ಹೇಗಿರುತ್ತಿತ್ತು?" ಎಂದು ಕೇಳಿದ. ಉತ್ತರ ಹೇಳಲು ನನಗೆ ಆಗಲಿಲ್ಲ, ಏಕೆಂದರೆ ಊರು ಹೇಗಿದೆ ಎಂಬುದನ್ನೇ ನಾನು ಬರೆದಿರಲಿಲ್ಲ. ಆ ಪ್ರಶ್ನೆಯ ಹಿಂದೆ ಹೋಗಿ ಕಂಡುಕೊಂಡ ವಿಧಾನವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳುತ್ತೇನೆ.

ಮೊದಲ ಹೆಜ್ಜೆ: ಪದವನ್ನು ತೂಗಿ ನೋಡಿ

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಪಾತ್ರಗಳೂ ಜೀವಿಗಳೂ ಮೂರು ಪಕ್ಷಗಳಲ್ಲಿ ಹಂಚಿಹೋಗಿದ್ದವು: ಲಾ (ವ್ಯವಸ್ಥೆ), ನ್ಯೂಟ್ರಾಲಿಟಿ (ತಟಸ್ಥತೆ), ಕೇಯಾಸ್ (ಅವ್ಯವಸ್ಥೆ). ಕೆಲವೇ ವರ್ಷಗಳಲ್ಲಿ ಇದರ ಮೇಲೆ ಒಳಿತು ಕೆಡುಕುಗಳ ಇನ್ನೊಂದು ಅಳತೆ ಸೇರಿ, 1978ರ ಹೊತ್ತಿಗೆ ಒಂಬತ್ತು ಮನೆಗಳ ಚೌಕಟ್ಟು ಸಿದ್ಧವಾಗಿತ್ತು. ಅಂದರೆ ಕೇಯಾಸ್ ಎಂದರೆ ಕೆಡುಕು ಎಂದು ಮಾತ್ರ ಅರ್ಥವಲ್ಲ, ಅವೆರಡೂ ಬೇರೆ ಬೇರೆ ಪ್ರಶ್ನೆಗಳು ಎಂಬುದನ್ನು ಆ ಆಟವೇ ಒಪ್ಪಿಕೊಂಡಿತು. ಗ್ರೀಕ್ ಮೂಲದಲ್ಲಿ ಈ ಪದಕ್ಕೆ ಬಾಯ್ದೆರೆದ ಕಂದರ, ಬಿರುಕು ಎಂಬ ಅರ್ಥವಿದೆ. ಗೊಂದಲ ಎಂಬ ಅರ್ಥ ಅದಕ್ಕೆ ಆಮೇಲೆ ಅಂಟಿದ್ದು.

ಕನ್ನಡದಲ್ಲಿ ಯೋಚಿಸುವವರಿಗೆ ಇಲ್ಲಿ ಅನುಕೂಲವಿದೆ, ಏಕೆಂದರೆ ನಮ್ಮಲ್ಲಿ ಈ ಒಂದು ಪದಕ್ಕೆ ಹಲವು ಪದಗಳಿವೆ ಮತ್ತು ಪ್ರತಿಯೊಂದೂ ಬೇರೆ ಬಗೆಯ ಭಯವನ್ನು ಹೊತ್ತಿದೆ. ಅರಾಜಕತೆ ಎಂದಾಗ ಆಳುವವನಿಲ್ಲದ ನಾಡು ಕಾಣುತ್ತದೆ. ಮಾತ್ಸ್ಯನ್ಯಾಯ ಎಂದಾಗ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ, ಯಾರೂ ತಡೆಯದ ಸ್ಥಿತಿ ಕಾಣುತ್ತದೆ. ಅನೃತ ಎಂಬುದು ಇಂದು ಸುಳ್ಳು ಎಂಬ ಅರ್ಥಕ್ಕೆ ಇಳಿದಿದ್ದರೂ, ಅದರೊಳಗೆ ಋತವು ತಪ್ಪಿದ್ದು, ಅಂದರೆ ಮಳೆ, ಋತು, ಹುಟ್ಟು, ಸಾವುಗಳ ನಡೆಯೇ ತಪ್ಪಿದ್ದು ಎಂಬ ಭಾವವಿದೆ. ಪಾಳು ಎಂಬ ಅಚ್ಚಗನ್ನಡದ ಪದದಲ್ಲಿ ಮನುಷ್ಯರು ಬಿಟ್ಟುಹೋದ ಮನೆಯ ಖಾಲಿತನವಿದೆ. ನಿಮ್ಮ ಸೀಮೆಯ ಅವ್ಯವಸ್ಥೆ ಇವುಗಳಲ್ಲಿ ಯಾವುದು ಎಂದು ಒಂದನ್ನು ಆರಿಸಿ, ಒಂದು ವಾಕ್ಯದಲ್ಲಿ ಬರೆದಿಡಿ. ನಾಲ್ಕನ್ನೂ ಒಟ್ಟಿಗೆ ತರಲು ಹೋದರೆ ಆಟಗಾರರಿಗೆ ಯಾವುದೂ ಮುಟ್ಟುವುದಿಲ್ಲ. ನಾನು ಆರಿಸಿಕೊಂಡದ್ದು ಅನೃತವನ್ನು: "ನಡೆಯಬೇಕಾದ ಕ್ರಮದಲ್ಲಿ ನಡೆಯದಿರುವುದೇ ಈ ಸೀಮೆಯ ಅವ್ಯವಸ್ಥೆ." ಮುಂದಿನ ಎಲ್ಲವೂ ಈ ವಾಕ್ಯದಿಂದ ಹೊರಟದ್ದು.

ಎರಡನೆಯ ಹೆಜ್ಜೆ: ಮುರಿಯುವ ಮೊದಲು ವ್ಯವಸ್ಥೆಯನ್ನು ಕಟ್ಟಿ

ಈ ಇಡೀ ಬರಹದಲ್ಲಿ ಒಂದೇ ಒಂದು ಹೆಜ್ಜೆಯನ್ನು ಅನುಸರಿಸುವಿರಾದರೆ ಇದನ್ನು ಅನುಸರಿಸಿ. ಆಟಗಾರರಿಗೆ ಗೊತ್ತಿರುವ, ಅವರ ಪಾತ್ರಗಳು ನೆಚ್ಚಿಕೊಂಡಿರುವ ಒಂದು ಕ್ರಮ ಇಲ್ಲದಿದ್ದರೆ, ಅದರ ಭಂಗ ಅವರಿಗೆ ಭಂಗವೆಂದೇ ತೋರುವುದಿಲ್ಲ. ಆಕಾಶ ಕೆಂಪಾಯಿತು, ನೆಲ ಕರಗಿತು ಎಂದು ಎಷ್ಟೇ ವರ್ಣಿಸಿದರೂ ಅದು ಅಲಂಕಾರವಾಗಿ ಉಳಿಯುತ್ತದೆ. ರಾಗಿ ಮೊಳೆಯುವ ಮೊದಲೇ ತೆನೆ ಒಡೆಯಿತು ಎಂದರೆ, ರಾಗಿ ಬೆಳೆದ ಮನೆಯ ಹುಡುಗ ತಲೆಯೆತ್ತಿ ನೋಡುತ್ತಾನೆ.

ನಾನು ವ್ಯವಸ್ಥೆಯನ್ನು ಕೆರೆಗಳಿಂದ ತೆಗೆದುಕೊಂಡೆ. ಕೋಲಾರ, ಚಿಕ್ಕಬಳ್ಳಾಪುರದ ಬಯಲಿನಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಈ ಭಾಗದ ಬೆಟ್ಟಗಳಲ್ಲಿ ಹುಟ್ಟಿ ಬೇರೆ ನಾಡುಗಳಿಗೆ ಹೋಗುತ್ತವೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಬೀಳುವ ಮಳೆಯನ್ನು ಹಿಡಿದಿಡಲು ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆಗೆ ನೀರು ಹೋಗುತ್ತದೆ, ಅದು ತುಂಬಿದರೆ ಮುಂದಿನದಕ್ಕೆ. ತೂಬಿನಿಂದ ಗದ್ದೆಗೆ ಬಿಡುವ ನೀರಿಗೆ ಸರದಿಯಿದೆ, ಆ ಸರದಿಯನ್ನು ಕಾಯಲು ನೀರುಗಂಟಿ ಎಂಬ ಮನುಷ್ಯನಿದ್ದ. ಕಲ್ಪನಾಲೋಕಕ್ಕೆ ಬೇಕಾದದ್ದೆಲ್ಲವೂ ಇದರಲ್ಲಿದೆ: ಮೇಲು ಮತ್ತು ಕೆಳಗು, ಕೊಡುವವರು ಮತ್ತು ಪಡೆಯುವವರು, ಒಂದು ಕಡೆ ಒಡೆದರೆ ಇನ್ನೊಂದು ಕಡೆ ಮುಳುಗುವ ನಂಟು, ಮತ್ತು ಸರದಿಯ ಮೇಲೆ ನಿಂತಿರುವ ನಂಬಿಕೆ. ಈಗ ಎಷ್ಟೋ ಕೆರೆಗಳಲ್ಲಿ ಜಾಲಿ ಬೆಳೆದಿದೆ, ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಬರುತ್ತಿದೆ. ಹೀಗಾಗಿ ಆ ಕ್ರಮ ತಪ್ಪುವುದು ಎಂದರೇನು ಎಂದು ನಮ್ಮ ಕಡೆಯ ಆಟಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಸೀಮೆ ತುಮಕೂರಿನ ಕಡೆಯದಾದರೆ ಬೇರೆ ಕ್ರಮವನ್ನು ಆರಿಸಬಹುದು. ಮಧುಗಿರಿಯ ಏಕಶಿಲಾ ಬೆಟ್ಟದಂತಹ ಕೋಟೆಯನ್ನು ನಡುವಿಟ್ಟುಕೊಂಡು, ಒಳಗಿನವರು ಮತ್ತು ಹೊರಗಿನವರು, ಬಾಗಿಲು ತೆರೆಯುವ ಹೊತ್ತು ಮತ್ತು ಮುಚ್ಚುವ ಹೊತ್ತು ಎಂಬ ಕ್ರಮದ ಮೇಲೆ ಸೀಮೆ ಕಟ್ಟಬಹುದು. ಯಾವುದನ್ನೇ ಆರಿಸಿದರೂ ಆ ಕ್ರಮವನ್ನು ಒಂದು ಇಡೀ ಆಟದ ಅವಧಿಯವರೆಗೆ ಆಟಗಾರರು ಬಾಳಲಿ. ಹೀಗೆ ಹೊಸದಾಗಿ ಕಟ್ಟಿದ ನಮ್ಮ ಸೀಮೆಯ ಮೊದಲ ಆಟದಲ್ಲಿ ಒಂದು ಕತ್ತಿಯೂ ಒರೆಯಿಂದ ಹೊರಬರಲಿಲ್ಲ. ಆಟಗಾರರು ಏಳು ಕೆರೆಗಳ ಊರುಗಳಲ್ಲಿ ಓಡಾಡಿದರು, ನೀರುಗಂಟಿಯೊಡನೆ ಸೇರಿ ನೀರಿನ ಸರದಿಯ ಜಗಳವೊಂದನ್ನು ಬಿಡಿಸಿದರು, ಅವನ ಮನೆಯಲ್ಲಿ ಮುದ್ದೆ ಉಂಡರು.

ಮೂರನೆಯ ಹೆಜ್ಜೆ: ವಿಕೃತ ಜೀವಿ ಬೇರೆ, ಕ್ರೂರ ಜೀವಿ ಬೇರೆ

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮನು ಬಕಾಸುರನನ್ನು ಕೊಂದದ್ದು ಇಲ್ಲಿಯೇ ಎಂಬುದು ನಮ್ಮ ಕಡೆಯ ನಂಬಿಕೆ. ಚಿಕ್ಕಂದಿನಿಂದ ಕೇಳಿದ ಆ ಕಥೆಯನ್ನು ಆಟಕ್ಕಾಗಿ ಮತ್ತೆ ಓದಿದಾಗ ನನಗೆ ಹೊಸದೊಂದು ಕಂಡಿತು. ಬಕಾಸುರನು ಮನಬಂದಂತೆ ಊರಿಗೆ ನುಗ್ಗುವವನಲ್ಲ. ಒಂದು ಗಾಡಿ ಅನ್ನ, ಎರಡು ಕೋಣ, ಅವನ್ನು ತಂದ ಮನುಷ್ಯ, ಇಷ್ಟನ್ನು ಮನೆಗೊಂದು ಸರದಿಯಂತೆ ಕೊಡಬೇಕೆಂಬ ಕಟ್ಟಳೆ ಅವನದು. ಅದಕ್ಕೆ ಪ್ರತಿಯಾಗಿ ಹೊರಗಿನ ಶತ್ರುಗಳಿಂದ ಊರನ್ನು ಕಾಯುವವನೂ ಅವನೇ. ಅಂದರೆ ಬಕಾಸುರ ಒಂದು ವ್ಯವಸ್ಥೆ. ಘೋರವಾದ, ಮನುಷ್ಯರನ್ನು ತಿನ್ನುವ ವ್ಯವಸ್ಥೆ, ಆದರೂ ಲೆಕ್ಕ ತಪ್ಪದ ವ್ಯವಸ್ಥೆ. ಗಾಡಿಯ ಅನ್ನವನ್ನು ತಾನೇ ಉಂಡು ಆ ಕಟ್ಟಳೆಯನ್ನು ಮುರಿದವನು ಭೀಮ.

ನಿಮ್ಮ ಜೀವಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿಯೊಂದಕ್ಕೂ ಈ ಪರೀಕ್ಷೆ ಮಾಡಿ: ಇದರೊಡನೆ ಒಪ್ಪಂದ ಸಾಧ್ಯವೇ? ಸಾಧ್ಯವಾದರೆ ಅದು ಕ್ರೂರ ಜೀವಿ. ಅದಕ್ಕೆ ಹಸಿವು, ಸೇಡು, ಆಸೆ ಏನೋ ಒಂದಿದೆ. ಆಟಗಾರರು ಮಾತನಾಡಬಹುದು, ಮೋಸ ಮಾಡಬಹುದು, ಸೋಲಿಸಬಹುದು. ಒಪ್ಪಂದವೆಂಬ ಕಲ್ಪನೆಯೇ ಅದರ ಹತ್ತಿರ ನಿಲ್ಲದಿದ್ದರೆ, ಕೊಟ್ಟ ಮಾತು ಅದರ ಎದುರಿನಲ್ಲಿ ಅರ್ಥ ಕಳೆದುಕೊಂಡರೆ, ಅದು ಅವ್ಯವಸ್ಥೆಯ ಜೀವಿ. ನನ್ನ ನಲವತ್ತರ ಪಟ್ಟಿಯಲ್ಲಿ ಈ ಪರೀಕ್ಷೆಯ ನಂತರ ಎರಡನೆಯ ಗುಂಪಿಗೆ ಉಳಿದದ್ದು ಮೂರು. ಒಂದು ಸೀಮೆಗೆ ಅಷ್ಟೇ ಸಾಕು, ಅದಕ್ಕಿಂತ ಹೆಚ್ಚಾದರೆ ವಿಕೃತಿಯೇ ಮಾಮೂಲಿಯಾಗಿಬಿಡುತ್ತದೆ.

ನಾಲ್ಕನೆಯ ಹೆಜ್ಜೆ: ಒಂದು ಜೀವಿ, ಒಂದು ಭಂಗ

ಪ್ರತಿ ಜೀವಿಯೂ ನಿಮ್ಮ ವ್ಯವಸ್ಥೆಯ ಒಂದು ನಿಯಮವನ್ನು, ಒಂದನ್ನು ಮಾತ್ರ, ಮುರಿಯಲಿ. ಆಮೇಲೆ ಆ ಭಂಗವನ್ನು ಮೂರು ಕಡೆ ತೋರಿಸಿ: ಅದು ಸುಳಿದ ಜಾಗದಲ್ಲಿ ಉಳಿಯುವ ಕುರುಹು, ಅದರ ಮೈ, ಮತ್ತು ಆಟದ ನಿಯಮ. ಮೂರನೆಯದನ್ನು ಬಹುಪಾಲು ಸೂತ್ರಧಾರರು ಮರೆಯುತ್ತಾರೆ. ಕಥೆಯಲ್ಲಿ ಭಯಂಕರವಾದ ಜೀವಿ ದಾಳ ಉರುಳಿಸುವಾಗ ಎಲ್ಲ ಜೀವಿಗಳಂತೆಯೇ ನಡೆದುಕೊಂಡರೆ, ಆಟಗಾರನ ಕೈಗೆ ಭಯ ತಲುಪುವುದೇ ಇಲ್ಲ.

ನನ್ನ ಮೊದಲ ಜೀವಿಯ ಹೆಸರು ಸರದಿಗೇಡಿ. ಅದು ಮುರಿಯುವುದು ಸರದಿಯನ್ನು, ಮೊದಲು ಮತ್ತು ಆಮೇಲೆ ಎಂಬುದನ್ನು. ಅದು ಹಾದುಹೋದ ಊರಿನಲ್ಲಿ ಕೋಳಿ ನಡುರಾತ್ರಿ ಕೂಗುತ್ತದೆ, ಮಗು ಪ್ರಶ್ನೆ ಕೇಳುವ ಮುನ್ನವೇ ಉತ್ತರ ಹೇಳುತ್ತದೆ, ತುಂಬದ ಕೆರೆ ಕೋಡಿ ಬೀಳುತ್ತದೆ, ಗಾಯಕ್ಕಿಂತ ಮೊದಲು ಅದರ ಕಲೆ ಮೂಡುತ್ತದೆ. ಮೈಯಲ್ಲಿ ಅದು ಬಹುಮಟ್ಟಿಗೆ ಮನುಷ್ಯನಂತೆಯೇ ಇದೆ. ಆದರೆ ಅದರ ಹೆಜ್ಜೆಗುರುತು ಮೊದಲು ಬೀಳುತ್ತದೆ, ಕಾಲು ಆಮೇಲೆ ಬಂದು ಅದರಲ್ಲಿ ಕೂರುತ್ತದೆ. ನಾನು ಇದಕ್ಕಿಂತ ಹೆಚ್ಚು ವರ್ಣಿಸಲಿಲ್ಲ, ಕೋರೆಹಲ್ಲು ಕೊಡಲಿಲ್ಲ.

ಆಟದ ನಿಯಮದಲ್ಲಿ ಇದು ಹೀಗೆ ಇಳಿಯಿತು. ಸಾಮಾನ್ಯ ಕಾಳಗದಲ್ಲಿ ಯಾರ ನಂತರ ಯಾರು ಎಂಬುದು ಒಮ್ಮೆ ನಿಗದಿಯಾದರೆ ಕೊನೆಯವರೆಗೂ ಹಾಗೆಯೇ ನಡೆಯುತ್ತದೆ. ಸರದಿಗೇಡಿಯ ಎದುರಿನಲ್ಲಿ ಪ್ರತಿ ಸುತ್ತಿಗೂ ಹೆಸರಿನ ಚೀಟಿಗಳನ್ನು ಚೊಂಬಿನಲ್ಲಿ ಕುಲುಕಿ ಎತ್ತಬೇಕು, ಅದರ ಚೀಟಿಯೂ ಅವುಗಳ ನಡುವೆ ಇರುತ್ತದೆ. ಅದರ ಚೀಟಿಯ ನಂತರ ಬಂದ ಆಟಗಾರನ ಕ್ರಿಯೆ ಈ ಸುತ್ತಿನಲ್ಲಿ ಫಲಿಸದೆ ಮುಂದಿನ ಸುತ್ತಿನ ಮೊದಲಿಗೆ ಫಲಿಸುತ್ತದೆ. ನೀವು ಬೀಸಿದ ಕತ್ತಿ, ಗೆಳೆಯ ಆ ಜಾಗಕ್ಕೆ ಬಂದು ನಿಂತ ಮೇಲೆ ತಗಲಬಹುದು. ಎರಡು ಸುತ್ತು ಕಳೆಯುವಷ್ಟರಲ್ಲಿ ಆಟಗಾರರು ಹೊಡೆಯಲು ಹಿಂಜರಿಯತೊಡಗಿದರು, ದನಿ ತಗ್ಗಿತು.

ಪ್ರತಿ ಜೀವಿಗೂ ಸೋಲಿನ ದಾರಿಯೊಂದು ಇರಬೇಕು, ಆ ದಾರಿ ಅದು ಮುರಿದ ನಿಯಮದೊಳಗೇ ಇರಬೇಕು. ಸರದಿಗೇಡಿಯನ್ನು ಆಯುಧದಿಂದ ಕೊಲ್ಲಲಾಗದು. ಒಂದು ಇಡೀ ಸುತ್ತಿನಲ್ಲಿ ಪ್ರತಿಯೊಬ್ಬ ಆಟಗಾರನೂ ಕೈಗೆ ಬಂದ ಸರದಿಯನ್ನು ತಾನಾಗಿ ಪಕ್ಕದವನಿಗೆ ಬಿಟ್ಟುಕೊಟ್ಟರೆ, ಕೊನೆಯವನು ಅದನ್ನು ಮೊದಲನೆಯವನಿಗೆ ಹಿಂದಿರುಗಿಸಿದರೆ, ಸರದಿ ಮತ್ತೆ ಸರದಿಯಾಗುತ್ತದೆ ಮತ್ತು ಅದಕ್ಕೆ ನಿಲ್ಲಲು ಜಾಗವಿರುವುದಿಲ್ಲ. ಆ ಸುತ್ತಿನಲ್ಲಿ ಯಾರೂ ಹೊಡೆಯುವಂತಿಲ್ಲ, ಆದರೆ ಅದು ಹೊಡೆಯುತ್ತದೆ. ಈ ಗುಟ್ಟನ್ನು ನಾನು ಹೇಳಲಿಲ್ಲ. ಈ ಸೀಮೆಯ ಮೊದಲ ವಾರ ನೀರುಗಂಟಿಯು ಜಗಳ ಬಿಡಿಸಿದ ಬಗೆಯಲ್ಲಿ ಅದು ಅಡಗಿತ್ತು. ನಾಲ್ಕು ವಾರಗಳ ನಂತರ ಒಬ್ಬ ಆಟಗಾರ್ತಿಗೆ ಅದು ಹೊಳೆದ ಕ್ಷಣದ ಸಂತೋಷ ನನಗೆ ಇಂದಿಗೂ ಹಸಿಯಾಗಿದೆ.

ಎರಡನೆಯದು ಎಲ್ಲೆಗೇಡಿ. ತನ್ನ ಮೈ ಎಲ್ಲಿ ಮುಗಿಯುತ್ತದೆ ಎಂಬುದು ಅದಕ್ಕೆ ತಿಳಿಯದು, ಮುಟ್ಟಿದ್ದೆಲ್ಲ ಅದರ ಮೈಯಾಗುತ್ತದೆ. ಗಡಿಕಲ್ಲು ಅಲುಗಿದ ಹೊಲದಲ್ಲಿ ಅದು ಹುಟ್ಟುತ್ತದೆ. ಆಟದಲ್ಲಿ, ಒಬ್ಬರನ್ನೊಬ್ಬರು ಮುಟ್ಟಿಕೊಂಡಿರುವ ಎಲ್ಲರೂ ಒಬ್ಬರಿಗಾದ ಗಾಯವನ್ನು ಹಂಚಿಕೊಳ್ಳುತ್ತಾರೆ, ಅದೂ ಸೇರಿ. ಬಿದ್ದ ಗೆಳೆಯನನ್ನು ಎತ್ತಲು ಹೋಗುವುದೇ ಅಪಾಯವಾದಾಗ ಮೇಜಿನ ಸುತ್ತ ಏನಾಗುತ್ತದೆ ಎಂಬುದನ್ನು ನೀವೇ ಆಡಿ ನೋಡಬೇಕು. ಸುತ್ತಲೂ ಕಲ್ಲು ನೆಟ್ಟು ಎಲ್ಲೆ ಕಟ್ಟುವುದೇ ಅದರ ಸೋಲು.

ಮೂರನೆಯದು ಟೊಳ್ಳು, ನೆಲದಿಂದ ತೆಗೆದದ್ದಕ್ಕೆ ಏನನ್ನೂ ಹಿಂದಿರುಗಿಸದ ಕಡೆ ನಡೆದಾಡುವ ಖಾಲಿ ಜಾಗ. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, 2001ರಲ್ಲಿ ಗಣಿ ಮುಚ್ಚಿತು, ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಸಯನೈಡ್ ಮಣ್ಣಿನ ದಿಬ್ಬಗಳು ಇಂದಿಗೂ ಅಲ್ಲಿ ನಿಂತಿವೆ. ಆ ಆಳವನ್ನು ಮಾತ್ರ ನಾನು ತೆಗೆದುಕೊಂಡೆ. ಬಂಡೆ ಸಿಡಿದು ಸತ್ತ ಕಾರ್ಮಿಕರ ಮನೆಗಳು ಇನ್ನೂ ಅಲ್ಲಿರುವುದರಿಂದ, ಅವರ ಸಾವನ್ನು ಆಟದ ಸಾಮಗ್ರಿ ಮಾಡಲಿಲ್ಲ.

ಐದನೆಯ ಹೆಜ್ಜೆ: ಯಾರನ್ನು ಈ ಪಟ್ಟಿಗೆ ಸೇರಿಸಬಾರದು

ಒಂದು ಕುಲಕ್ಕೆ ಕುಲವೇ ಹುಟ್ಟಿನಿಂದ ಕೆಟ್ಟದ್ದು ಎಂಬ ಕಲ್ಪನೆ ಈ ಬಗೆಯ ಆಟಗಳಲ್ಲಿ ಬಹುಕಾಲ ಇತ್ತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪ್ರಕಾಶಕರೇ 2020ರಲ್ಲಿ ಆರ್ಕ್ ಎಂಬ ರಾಕ್ಷಸ ಕುಲ ಮೊದಲಾದವರ ಚಿತ್ರಣವನ್ನು ಬದಲಿಸುವುದಾಗಿ ಹೇಳಬೇಕಾಯಿತು. ನಮ್ಮ ನೆಲದಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಊರ ಹೊರಗೆ ವಾಸ, ಮುಟ್ಟಿದರೆ ಮೈಲಿಗೆ, ಕಪ್ಪು ಮೈ, ಮಾಂಸದ ಊಟ, ಕಾಡಿನ ಮಾತು: ಇಂತಹ ಗುಣಗಳನ್ನು ಜೋಡಿಸಿ ರಾಕ್ಷಸನನ್ನು ಕಟ್ಟುವಾಗ, ಮೇಜಿನ ಬಳಿ ಕುಳಿತವರಲ್ಲಿ ಒಬ್ಬರ ಅಜ್ಜ ಅಜ್ಜಿಯರನ್ನು ಜನ ಹೀಗೆಯೇ ನೋಡಿದ್ದರು ಎಂಬುದನ್ನು ನೆನೆಯಿರಿ. ಎಲ್ಲೆಗೇಡಿಯನ್ನು ಬರೆಯುವಾಗ "ಮುಟ್ಟುವುದು" ಎಂಬ ಪದದ ಬಳಿ ನಾನು ಬಹಳ ಹೊತ್ತು ನಿಂತೆ. ಕೊನೆಗೆ, ಅದು ಮುಟ್ಟಿದರೆ ಯಾರೂ ಕೀಳಾಗುವುದಿಲ್ಲ, ಎಲ್ಲರೂ ಒಂದೇ ಗಾಯವನ್ನು ಹೊರುತ್ತಾರೆ ಎಂಬ ನಿಯಮ ಮಾಡಿದೆ. ಕಲ್ಲಿನ ಎಲ್ಲೆಯನ್ನು ಹೊಲದ ಸುತ್ತ ಇಟ್ಟೆನೇ ಹೊರತು ಯಾವ ಕೇರಿಯ ಸುತ್ತಲೂ ಇಡಲಿಲ್ಲ.

ಜನ ಇಂದಿಗೂ ಪೂಜಿಸುವ ದೇವತೆಗಳನ್ನೂ ವಿಕೃತ ಜೀವಿಗಳನ್ನಾಗಿ ಮಾಡಬೇಡಿ. ಕೋಲಾರಮ್ಮನ ಗುಡಿಯಲ್ಲಿರುವ ಚೇಳಮ್ಮನನ್ನು ಚೇಳಿನ ಕಡಿತದಿಂದ ಕಾಯುವವಳೆಂದು ಜನ ನಂಬಿ ಕಾಣಿಕೆ ಹಾಕುತ್ತಾರೆ. ದೈತ್ಯ ಚೇಳೊಂದು ಆಟಕ್ಕೆ ಎಷ್ಟೇ ಆಕರ್ಷಕವಾಗಿ ಕಂಡರೂ ಆ ನಂಬಿಕೆಯನ್ನು ತಲೆಕೆಳಗು ಮಾಡುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ. ಪದಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು: ನಮ್ಮ ಬಯಲಿನಲ್ಲಿ ಭೂತ ಎಂದರೆ ಪೀಡೆ, ತುಳುನಾಡಿನಲ್ಲಿ ಅದೇ ಪದ ಕಾಯುವ ದೈವವನ್ನು ಸೂಚಿಸುತ್ತದೆ. ಹೊಸ ಹೆಸರುಗಳನ್ನು ಕಟ್ಟಿಕೊಳ್ಳುವುದೇ ಉತ್ತಮ. ನಮ್ಮ ಕಡೆ ಕನ್ನಡ, ತೆಲುಗು ಎರಡೂ ಒಂದೇ ಬೀದಿಯಲ್ಲಿ ಓಡಾಡುವುದರಿಂದ, ಒಂದು ಊರಿನವರು ದೆವ್ವ ಎಂದದ್ದನ್ನು ಪಕ್ಕದ ಊರಿನವರು ದಯ್ಯಂ ಎನ್ನಲಿ. ಇಬ್ಬರೂ ಹೇಳುತ್ತಿರುವುದು ಒಂದೇ ಜೀವಿಯ ಬಗ್ಗೆಯೇ ಎಂಬ ಅನುಮಾನ ಆಟಗಾರರಲ್ಲಿ ಉಳಿಯಲಿ.

ಆರನೆಯ ಹೆಜ್ಜೆ: ಹರಡುವಿಕೆಗೆ ಅಳತೆ ಕೊಡಿ

ಸೂತ್ರಧಾರನ ಮನಸ್ಸಿಗೆ ಬಂದಾಗ ಬಂದು ಹೋಗುವ ಅವ್ಯವಸ್ಥೆಯನ್ನು ಆಟಗಾರರು ತಡೆಯಲಾರರು. ಆದ್ದರಿಂದ ಅದರ ಬೆಳವಣಿಗೆಯನ್ನು ಎಲ್ಲರಿಗೂ ಕಾಣುವಂತೆ ಕಾಗದದ ಮೇಲಿಡಿ. ನನ್ನ ಏಳು ಕೆರೆಗಳನ್ನು ಮೇಲಿನಿಂದ ಕೆಳಕ್ಕೆ ಬರೆದು, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಟ್ಟೆ. 0 ಎಂದರೆ ಕ್ರಮ ಸರಿಯಿದೆ, 1 ಎಂದರೆ ಕುರುಹು ಕಂಡಿದೆ, 2 ಎಂದರೆ ಸರದಿ ಕೆಟ್ಟಿದೆ, 3 ಎಂದರೆ ಏರಿ ಒಡೆದಿದೆ. ಒಂದು ಕೆರೆ 3ಕ್ಕೆ ಮುಟ್ಟಿದ ಕೂಡಲೇ ಅದರ ಕೆಳಗಿನದಕ್ಕೆ 1 ಸೇರುತ್ತದೆ. ಅದು ಆಗಲೇ 2ರಲ್ಲಿದ್ದರೆ ಅದೂ ಒಡೆಯುತ್ತದೆ. ಮೇಲಿನ ಕೆರೆಯನ್ನು ಕಡೆಗಣಿಸಿ ಕೆಳಗಿನ ಊರಿನಲ್ಲಿ ಕಾದಾಡುವವರಿಗೆ ಈ ಲೆಕ್ಕ ಬೇಗನೆ ಪಾಠ ಕಲಿಸುತ್ತದೆ.

ಆಟಗಾರರು ಒಂದು ಕೆರೆಯ ಸೀಮೆಗೆ ಕಾಲಿಟ್ಟಾಗ ಆರು ಮುಖದ ಎರಡು ದಾಳ ಉರುಳಿಸಿ, ಮೊತ್ತಕ್ಕೆ ಆ ಕೆರೆಯ ಅಂಕವನ್ನು ಕೂಡಿಸಿ. 5 ಅಥವಾ ಕಡಿಮೆ ಬಂದರೆ ಊರಿನ ದಿನನಿತ್ಯದ ಬದುಕು, 6ರಿಂದ 8 ಬಂದರೆ ಒಂದು ಕುರುಹು, 9ರಿಂದ 11 ಬಂದರೆ ಆಗತಾನೇ ನಡೆದ ಹಾನಿ, 12 ಅಥವಾ ಹೆಚ್ಚು ಬಂದರೆ ಜೀವಿಯೇ ಎದುರಾಗುತ್ತದೆ. ಎರಡು ದಾಳಗಳಿಗೆ 36 ಸಾಧ್ಯತೆಗಳಿವೆ. ಅಂಕ 0 ಇರುವಲ್ಲಿ ಜೀವಿ ಎದುರಾಗುವುದು 36ರಲ್ಲಿ 1 ಸಲ, ಅಂಕ 1 ಇರುವಲ್ಲಿ 3 ಸಲ, ಅಂಕ 2 ಇರುವಲ್ಲಿ 6 ಸಲ. ಒಂದೇ ದಾಳ ಬಳಸಿದರೆ ಈ ಏರಿಕೆ ಸಿಗುವುದಿಲ್ಲ, ಪ್ರತಿ ಅಂಕಕ್ಕೂ ಒಂದೇ ಸಮನಾದ ಹೆಚ್ಚಳವಾಗುತ್ತದೆ. ಅಂಕ 0 ಇರುವ ಕೆರೆಯಲ್ಲಿ 36ರಲ್ಲಿ 16 ಸಲ ಬರುವುದು ಕುರುಹು ಎಂಬುದನ್ನೂ ಗಮನಿಸಿ: ಆದ್ದರಿಂದ ನಿಮ್ಮ ಸಿದ್ಧತೆಯ ಹೆಚ್ಚಿನ ಹೊತ್ತು ಕುರುಹುಗಳನ್ನು ಬರೆಯುವುದಕ್ಕೆ ಮೀಸಲಾಗಲಿ. ಒಂದು ಜೀವಿಗೆ ಕನಿಷ್ಠ ಹನ್ನೆರಡು ಕುರುಹು ಬರೆದಿಟ್ಟುಕೊಳ್ಳಿ, ಬಳಸಿದ್ದನ್ನು ಹೊಡೆದುಹಾಕಿ, ಒಂದನ್ನು ಎರಡು ಸಲ ಬಳಸಬೇಡಿ.

ಕುರುಹುಗಳನ್ನು ಬರೆಯುವಾಗ ಮಂಜು, ಹಾಳು ಬಂಗಲೆ, ತೋಳದ ಕೂಗುಗಳನ್ನು ಬಿಟ್ಟು, ನಿಮ್ಮ ಸುತ್ತಲಿನ ಸಾಮಾನುಗಳಿಂದ ಬರೆಯಿರಿ. ಒಣಗಿದ ಕೆರೆಯಂಗಳದಲ್ಲಿ ಒದ್ದೆ ಹೆಜ್ಜೆ, ಗೂಡು ಕಟ್ಟುವ ಮೊದಲೇ ಚಂದ್ರಂಕಿಯಲ್ಲಿ, ಅಂದರೆ ಹುಳು ಗೂಡು ಕಟ್ಟುವ ತಟ್ಟಿಯಲ್ಲಿ, ಹಾರುತ್ತಿರುವ ರೇಷ್ಮೆ ಚಿಟ್ಟೆ, ನಿನ್ನೆ ಕಣ ಮಾಡಿದ ರಾಗಿಯನ್ನು ಇಂದು ಬಿತ್ತುತ್ತಿರುವ ಮುದುಕ.

ಏಳನೆಯ ಹೆಜ್ಜೆ: ಸೋತ ಮೇಲೆ ಏನು ಉಳಿಯುತ್ತದೆ

ಜೀವಿಯನ್ನು ಸೋಲಿಸಿದ ಕೂಡಲೇ ಎಲ್ಲವೂ ಮೊದಲಿನಂತಾದರೆ, ಅದು ಬಂದುಹೋದದ್ದಕ್ಕೆ ತೂಕವಿರುವುದಿಲ್ಲ. ಕೆರೆಯ ಅಂಕ ತಾನಾಗಿ ಇಳಿಯಬಾರದು. ಒಂದು ಅಂಕ ಇಳಿಸಲು ಆಟಗಾರರು ಆ ಊರಿನವರೊಡನೆ ಒಂದು ಕೆಲಸ ಮಾಡಬೇಕು, ಹೂಳು ತೆಗೆಯುವುದೋ, ಏರಿ ಕಟ್ಟುವುದೋ, ಸರದಿಯ ಲೆಕ್ಕವನ್ನು ಎಲ್ಲರೆದುರು ಮತ್ತೆ ಓದುವುದೋ. ಸತ್ತವರಿಗೆ ವೀರಗಲ್ಲು ನೆಡಿಸಿ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಅವನು ಸೇರಿದ ಲೋಕ, ಹೀಗೆ ಮೂರು ಹಂತಗಳ ಕಲ್ಲುಗಳು ನಮ್ಮ ಊರುಗಳ ಹೊಲಗಳಲ್ಲಿ ಇಂದಿಗೂ ನಿಂತಿವೆ. ಕಲ್ಲಿನ ಮೂರು ಹಂತಗಳಲ್ಲಿ ಏನಿರಬೇಕು ಎಂಬುದನ್ನು ಸತ್ತ ಪಾತ್ರದ ಆಟಗಾರನೇ ಹೇಳಲಿ, ನೀವು ಬರೆದುಕೊಳ್ಳಿ, ಆ ಕಲ್ಲಿನ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ. ನಮ್ಮ ನಕ್ಷೆಯಲ್ಲಿ ಈಗ ಅಂತಹ ಎರಡು ಕಲ್ಲುಗಳಿವೆ. ನಾಲ್ಕನೆಯ ಕೆರೆಯ ಬಳಿ ಇರುವ ಕಲ್ಲಿನ ನಡುವಿನ ಹಂತವನ್ನು ಅದರ ಆಟಗಾರ್ತಿ ಖಾಲಿ ಬಿಡಿಸಿದ್ದಾಳೆ. ಅವಳ ಪಾತ್ರ ಸತ್ತದ್ದು ಸರದಿಗೇಡಿಯ ಸುತ್ತಿನಲ್ಲಿ, ಹೊಡೆತ ತಗಲುವ ಮೊದಲೇ.